ಕಾಲೇಜಿನ ಚೇಂಬರ್ ತಂಡಕ್ಕೆ ಐಎಂಎಸ್‌ಎಲ್‌ಪಿ ಎಷ್ಟರ ಮಟ್ಟಿಗೆ ಒದಗುತ್ತದೆ?

ಕಾಲೇಜಿನಲ್ಲಿ ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದ ಚೇಂಬರ್ ತಂಡ (ಕೆಲವೇ ವಾದಕರ ಸಣ್ಣ ಕೂಟ) ಕಟ್ಟಲು ಹೊರಟವರಿಗೆ, ವಾದಕರನ್ನು ಹೊಂದಿಸಿಕೊಂಡ ಮೇಲೆ ಎದುರಾಗುವ ಮೊದಲ ಖರ್ಚು ನೊಟೇಷನ್ ಪುಸ್ತಕಗಳದ್ದು. ಹೆನ್ಲೆ, ಬೇರೆನ್‌ರೈಟರ್ ಮೊದಲಾದ ಜರ್ಮನ್ ಪ್ರಕಾಶಕರ ಪಾರ್ಟ್‌ಗಳನ್ನು, ಅಂದರೆ ಒಂದೊಂದು ವಾದ್ಯಕ್ಕೂ ಬೇರೆಯಾಗಿ ಅಚ್ಚಾದ ನೊಟೇಷನ್‌ಗಳನ್ನು, ತರಿಸಿಕೊಳ್ಳುವುದು ವಿದ್ಯಾರ್ಥಿಗಳ ಜೇಬಿಗೆ ಭಾರ. ತಂಡ ಮುಂದಿನ ಸೆಮಿಸ್ಟರಿನವರೆಗೆ ಉಳಿಯುತ್ತದೆಯೇ ಎಂಬುದೇ ಖಾತ್ರಿಯಿಲ್ಲದಿರುವಾಗಲಂತೂ ಅಷ್ಟು ಹಣ ಹಾಕಲು ಯಾರೂ ಮುಂದಾಗುವುದಿಲ್ಲ. ಹೀಗಾಗಿ ಬಹುತೇಕ ತಂಡಗಳು ಹಕ್ಕುಸ್ವಾಮ್ಯ ಮುಗಿದ ಕೃತಿಗಳನ್ನು ಉಚಿತವಾಗಿ ಒದಗಿಸುವ ಐಎಂಎಸ್‌ಎಲ್‌ಪಿ ಜಾಲತಾಣದ ಮೊರೆ ಹೋಗುತ್ತವೆ. 1501ರಲ್ಲಿ ವೆನಿಸ್ಸಿನಲ್ಲಿ ಬಹುಧ್ವನಿ ಸಂಗೀತವನ್ನು ಅಚ್ಚುಮೊಳೆಗಳಿಂದ ಮುದ್ರಿಸಿದ ಪೆಟ್ರುಚ್ಚಿಯ ಹೆಸರೂ ಇದಕ್ಕಿದೆ. ಆಗ ಸಂಗೀತದ ವಿದ್ಯಾರ್ಥಿಯಾಗಿದ್ದ ಎಡ್ವರ್ಡ್ ಗುವೊ 2006ರಲ್ಲಿ ಇದನ್ನು ಆರಂಭಿಸಿದರು.

ಈ ತಾಣದ ನಿಜವಾದ ಬಲವಿರುವುದು ಸಂಗ್ರಹದ ಗಾತ್ರಕ್ಕಿಂತ ಹೆಚ್ಚಾಗಿ ವಾದ್ಯಗಳ ಆಧಾರದ ಮೇಲೆ ಹುಡುಕುವ ಸೌಲಭ್ಯದಲ್ಲಿ. ನಮ್ಮ ಕಾಲೇಜುಗಳಲ್ಲಿ ಪಿಟೀಲು ನುಡಿಸುವವರು ಸಿಗುತ್ತಾರೆ, ಪಿಯಾನೊದವರಿಗೂ ಬರವಿಲ್ಲ, ಆದರೆ ಪಿಟೀಲಿಗಿಂತ ತುಸು ದೊಡ್ಡದಾದ ವಯೋಲಾ ನುಡಿಸುವವರನ್ನು ದುರ್ಬೀನು ಹಾಕಿ ಹುಡುಕಬೇಕು. ಎರಡು ಪಿಟೀಲು, ಒಂದು ಚೆಲ್ಲೊ, ಒಂದು ಕೀಬೋರ್ಡ್ ಮಾತ್ರ ಕೈಯಲ್ಲಿದ್ದರೆ ಆ ಕೂಟಕ್ಕೆಂದೇ ರಚಿತವಾದ ಕೃತಿಗಳ ಪಟ್ಟಿಯನ್ನು ಇಲ್ಲಿ ತೆಗೆಯಬಹುದು. ಆಗ ಇಟಲಿಯ ರಚನಕಾರ ಕೊರೆಲ್ಲಿಯ ಟ್ರಿಯೊ ಸೊನಾಟಾಗಳು (ಎರಡು ಪಿಟೀಲು, ಅವುಗಳ ಕೆಳಗೆ ಮಂದ್ರದ ಒಂದು ಸಾಲು, ಹೀಗೆ ಮೂರು ಸಾಲುಗಳ ಕೃತಿಗಳು) ಎದುರಾಗುತ್ತವೆ. 1681ರಿಂದ 1694ರವರೆಗೆ ನಾಲ್ಕು ಸಂಪುಟಗಳಲ್ಲಿ, ಒಂದೊಂದರಲ್ಲಿ 12ರಂತೆ ಪ್ರಕಟವಾದ ಈ 48 ಸೊನಾಟಾಗಳು ಹೊಸ ತಂಡಕ್ಕೆ ಹೇಳಿ ಮಾಡಿಸಿದಂತಿವೆ: ಬೆರಳಿಗೆ ಅತಿಯಾದ ಶ್ರಮವಿಲ್ಲ, ಎರಡೂ ಪಿಟೀಲುಗಳಿಗೆ ಹೆಚ್ಚುಕಡಿಮೆ ಸಮಾನ ಸ್ಥಾನವಿದೆ, ಒಬ್ಬರನ್ನೊಬ್ಬರು ಕೇಳಿಸಿಕೊಳ್ಳದೆ ಮುಂದಕ್ಕೆ ಹೋಗಲು ಸಾಧ್ಯವಿಲ್ಲ. ಒಂದೇ ತೊಡಕೆಂದರೆ ಹಳೆಯ ಮುದ್ರಣಗಳಲ್ಲಿ ಕೀಬೋರ್ಡಿನವರಿಗೆ ಮಂದ್ರದ ಸ್ವರಗಳೂ ಅವುಗಳ ಜೊತೆಗಿನ ಅಂಕಿಗಳೂ ಮಾತ್ರ ಇರುತ್ತವೆ. ಅಂಕಿ ನೋಡಿ ಸ್ವರಮೇಳ ಕಟ್ಟಲು ಬಾರದವರು ಯಾರಾದರೂ ಬಿಡಿಸಿ ಬರೆದಿರುವ ಪ್ರತಿಯನ್ನೇ ಹುಡುಕಬೇಕು.

ವಯೋಲಾ ಸಿಕ್ಕರೆ 1781ರ ಹೈಡನ್‌ನ 33ನೆಯ ಓಪಸ್ಸಿನ (ಓಪಸ್ ಎಂದರೆ ಕೃತಿಗಳಿಗೆ ಕೊಡುವ ಕ್ರಮಸಂಖ್ಯೆ) ಆರು ಕ್ವಾರ್ಟೆಟ್‌ಗಳಿಂದ, ಅಂದರೆ ಎರಡು ಪಿಟೀಲು, ವಯೋಲಾ, ಚೆಲ್ಲೊಗಳಿಗೆ ಬರೆದ ಕೃತಿಗಳಿಂದ, ಆರಂಭಿಸಬಹುದು. ಎರಡನೆಯದರ ಕೊನೆಯಲ್ಲಿ ಮುಗಿಯಿತೆಂದು ಶ್ರೋತೃಗಳು ಚಪ್ಪಾಳೆಗೆ ಕೈ ಎತ್ತುವಷ್ಟರಲ್ಲಿ ಸಂಗೀತ ಮತ್ತೆ ಶುರುವಾಗುತ್ತದೆ. ಕಾಲೇಜಿನ ಸಭಾಂಗಣಕ್ಕೆ ಅದಕ್ಕಿಂತ ಒಳ್ಳೆಯ ಆಯ್ಕೆ ನನಗೆ ತಿಳಿಯದು.

ಆದರೆ ಒಂದೇ ಕೃತಿಗೆ ಇಲ್ಲಿ ಹಲವು ಮುದ್ರಣಗಳಿರುವುದರಿಂದ ಎಚ್ಚರ ಬೇಕು. ಒಬ್ಬರು ಒಂದು ಮುದ್ರಣವನ್ನೂ ಇನ್ನೊಬ್ಬರು ಮತ್ತೊಂದನ್ನೂ ಇಳಿಸಿಕೊಂಡು ಬಂದರೆ ರಿಹರ್ಸಲ್‌ನಲ್ಲಿ, ಜಾಗ ಗುರುತಿಸಲು ಪುಟದಲ್ಲಿ ಹಾಕಿರುವ ಅಕ್ಷರ ಹೇಳಿ "ಸಿ ಅಕ್ಷರದಿಂದ" ಎಂದಾಗ ಇಬ್ಬರೂ ಬೇರೆ ಬೇರೆ ಕಡೆ ಆರಂಭಿಸುತ್ತಾರೆ. ಎಷ್ಟೋ ಹಳೆಯ ಪಾರ್ಟ್‌ಗಳಲ್ಲಿ ಬಾರ್ (ತಾಳದ ಆವರ್ತ) ಸಂಖ್ಯೆಗಳೇ ಇಲ್ಲದ ಕಾರಣ, ಮೊದಲ ದಿನ ಎಲ್ಲರೂ ಕುಳಿತು ಪೆನ್ಸಿಲಿನಿಂದ ಸಂಖ್ಯೆ ಹಾಕಿಕೊಳ್ಳುವುದು ಮೇಲು. ಹತ್ತೊಂಬತ್ತನೆಯ ಶತಮಾನದ ಸಂಪಾದಕರು ತಮ್ಮ ಕಾಲದ ಅಭಿರುಚಿಗೆ ತಕ್ಕಂತೆ ಸೇರಿಸಿದ ಪಿಟೀಲಿನ ಬಿಲ್ಲಿನ ಗುರುತುಗಳು, ಧ್ವನಿಯ ಏರಿಳಿತದ ಸೂಚನೆಗಳು ಮೂಲದವೋ ಅಲ್ಲವೋ ಎಂಬುದು ಆ ಪುಟಗಳಿಂದ ತಿಳಿಯುವುದಿಲ್ಲ. ಜೊತೆಗೆ ಹಳೆಯ ಪಾರ್ಟ್‌ಗಳ ಹಾಳೆ ಸಾಮಾನ್ಯವಾಗಿ ಎ4ಗಿಂತ ದೊಡ್ಡದು. ಜೆರಾಕ್ಸ್ ಅಂಗಡಿಯಲ್ಲಿ ಎ4ಗೆ ಕುಗ್ಗಿಸಿದರೆ ಸ್ಟ್ಯಾಂಡಿನ ದೂರದಿಂದ ಓದುವುದು ಕಣ್ಣಿಗೆ ತ್ರಾಸ. ಎ3 ಹಾಳೆಯ ಮೇಲೆ ಎರಡೆರಡು ಪುಟಗಳನ್ನು ಕುಗ್ಗಿಸದೆ ಹಾಕಿಸುವುದೂ ಕಷ್ಟವೇ, ಆದ್ದರಿಂದ ಟ್ಯಾಬ್ಲೆಟ್ ಇದ್ದವರಿಗೆ ಅನುಕೂಲ ಹೆಚ್ಚು.

ಹಕ್ಕುಸ್ವಾಮ್ಯದ ವಿಷಯದಲ್ಲಿ ತಾಣ ಅಮೆರಿಕ, ಕೆನಡಾ ಮತ್ತು ಐರೋಪ್ಯ ಒಕ್ಕೂಟದ ಸ್ಥಿತಿಯನ್ನು ಸೂಚಿಸುತ್ತದೆಯೇ ಹೊರತು ಭಾರತದ್ದನ್ನಲ್ಲ. ನಮ್ಮ ಕಾಯ್ದೆಯ ಪ್ರಕಾರ ರಚನಕಾರರು ತೀರಿಕೊಂಡ ಮುಂದಿನ ವರ್ಷದಿಂದ 60 ವರ್ಷ ಎಣಿಸಬೇಕು. 1945ರಲ್ಲಿ ನಿಧನರಾದ ಬಾರ್ಟೋಕ್ ನಮಗೆ ಮುಕ್ತ. 1975ರಲ್ಲಿ ತೀರಿಕೊಂಡ ಶೊಸ್ತಕೋವಿಚ್‌ಗಾಗಿ 2035ರ ಕೊನೆಯವರೆಗೆ ಕಾಯಬೇಕು.

ಸದಸ್ಯರಲ್ಲದವರು ಕಡತ ಇಳಿಸುವ ಮೊದಲು ಕೆಲವು ಕ್ಷಣ ಕಾಯಬೇಕಾಗುವುದು ದೂರುವಂಥ ಸಂಗತಿಯಲ್ಲ, ಹಣ ಕೊಟ್ಟು ಸದಸ್ಯರಾಗುವ ಅಗತ್ಯವೂ ವಿದ್ಯಾರ್ಥಿಗಳಿಗಿಲ್ಲ. ವಾರವಾರ ಹೊಸದನ್ನು ಓದಿ ನುಡಿಸಿ ನೋಡಲು ಈ ತಾಣವೇ ಸಾಕು. ವೇದಿಕೆಗೆಂದು ಆರಿಸಿಕೊಂಡ ಒಂದು ಕೃತಿಗೆ ಮಾತ್ರ ಎಲ್ಲರೂ ಹಣ ಸೇರಿಸಿ ಒಳ್ಳೆಯ ಮುದ್ರಿತ ಪಾರ್ಟ್‌ಗಳನ್ನು ಕೊಂಡು, ಅವನ್ನು ಮುಂದಿನ ಬ್ಯಾಚಿಗಾಗಿ ಕಾಲೇಜಿನ ಗ್ರಂಥಾಲಯಕ್ಕೆ ಕೊಟ್ಟುಬಿಡುವುದು ಒಳಿತು.