ಒಂದೇ ‘ಗುರುಕೃಪ’, ಮೂರು ಕಂಟ್ರೋಲರ್: ಮಾಕ್3, ಗರ್ಬಲ್, ಲಿನಕ್ಸ್‌ಸಿಎನ್‌ಸಿ

ಮೇಜಿನ ಮೇಲೆ ಹಲಸಿನ ಮೂರು ಹಲಗೆಗಳಿವೆ. ಮೂರರಲ್ಲೂ ಕೊರೆದಿರುವುದು ಒಂದೇ ಪದ: ಗುರುಕೃಪ. ಅಕ್ಕನ ಹೊಸ ಮನೆಗೆ ಹೆಸರಿನ ಫಲಕ ಬೇಕಿತ್ತು. ಮೈಸೂರಿನಲ್ಲಿ ನಮ್ಮ ಮನೆ ಹಿಂದಿನ ಶೆಡ್ಡಿನಲ್ಲಿ ನಾನೇ ಕಟ್ಟಿಕೊಂಡ ಸಿಎನ್‌ಸಿ ರೌಟರ್, ಅಂದರೆ ಕಂಪ್ಯೂಟರ್ ಹೇಳಿದ ದಾರಿಯಲ್ಲಿ ಮರ ಕೊರೆಯುವ ಯಂತ್ರ, ಇದೆ. ಅದನ್ನು ಯಾವ ಸಾಫ್ಟ್‌ವೇರ್‌ನಿಂದ ಓಡಿಸುವುದು ಅನ್ನುವ ಪ್ರಶ್ನೆ ಬಹಳ ದಿನದಿಂದ ಕಾಡುತ್ತಿತ್ತು. ಹೇಗೂ ಕೊರೆಯಬೇಕು, ಮಾಕ್3, ಗರ್ಬಲ್, ಲಿನಕ್ಸ್‌ಸಿಎನ್‌ಸಿ ಮೂರರಲ್ಲೂ ಕೊರೆದೇ ನೋಡೋಣ ಅಂದುಕೊಂಡೆ.

ಮೊದಲು ಮೆಷಿನ್ ಬಗ್ಗೆ ಎರಡು ಮಾತು. 600 ಮಿಮೀ ಉದ್ದ, 400 ಮಿಮೀ ಅಗಲದ ಬೆಡ್. ಒಂದೊಂದು ಪಲ್ಸ್‌ಗೆ, ಅಂದರೆ ವಿದ್ಯುತ್ತಿನ ಒಂದೊಂದು ತಟ್ಟಿಗೆ, ಒಂದು ಸಣ್ಣ ಹೆಜ್ಜೆ ತಿರುಗುವ ನೆಮಾ 23 ಸ್ಟೆಪ್ಪರ್ ಮೋಟರ್‌ಗಳು, ಒಂದು ಸುತ್ತಿಗೆ 5 ಮಿಮೀ ಸರಿಯುವ ಬಾಲ್‌ಸ್ಕ್ರೂ. ಮೋಟರ್‌ಗಳಿಗೆ ಕರೆಂಟ್ ಕೊಡುವ ಡ್ರೈವರ್‌ಗಳನ್ನು ಒಂದು ಸುತ್ತಿಗೆ 1600 ಪಲ್ಸ್‌ಗೆ ಇಟ್ಟಿದ್ದೇನೆ. ಅಂದರೆ ಒಂದು ಮಿಲಿಮೀಟರ್‌ಗೆ 320 ಪಲ್ಸ್. ನಿಮಿಷಕ್ಕೆ 3000 ಮಿಮೀ ವೇಗದಲ್ಲಿ ಓಡಿಸಿದರೆ ಸೆಕೆಂಡಿಗೆ 16,000 ಪಲ್ಸ್ ಬೇಕು. ಎರಡು ಪಲ್ಸ್‌ಗಳ ನಡುವೆ ಸಿಗುವ ಸಮಯ 62.5 ಮೈಕ್ರೊಸೆಕೆಂಡ್ ಅಷ್ಟೇ. ಈ ಸಂಖ್ಯೆ ನೆನಪಿರಲಿ, ಮುಂದೆ ಮತ್ತೆ ಬರುತ್ತದೆ.

ಈ ಪಲ್ಸ್‌ಗಳನ್ನು ತಾಳ ತಪ್ಪದಂತೆ ಕೊಡುವವರು ಯಾರು? ಮೂರೂ ಬೇರೆಯಾಗುವುದು ಇಲ್ಲೇ. ಮಾಕ್3 ಮತ್ತು ಲಿನಕ್ಸ್‌ಸಿಎನ್‌ಸಿಯಲ್ಲಿ ಕಂಪ್ಯೂಟರೇ ತಾಳ ಹಾಕುತ್ತದೆ. ಹಿಂದೆ ಪ್ರಿಂಟರ್‌ಗೆ ಬಳಸುತ್ತಿದ್ದ 25 ಪಿನ್ನಿನ ಪ್ಯಾರಲಲ್ ಪೋರ್ಟ್‌ನಿಂದ ಪಲ್ಸ್ ಹೊರಗೆ ಹೋಗುತ್ತದೆ. ಜಿಆರ್‌ಬಿಎಲ್, ಅಂದರೆ ಬಾಯಲ್ಲಿ ಎಲ್ಲರೂ ಹೇಳುವ ಗರ್ಬಲ್, ಆರ್ಡುಯಿನೋ ಊನೋ ಎಂಬ ಪುಟ್ಟ ಸರ್ಕ್ಯೂಟ್ ಬೋರ್ಡಿನೊಳಗೆ ಕೂತು ತಾನೇ ತಾಳ ಹಾಕುತ್ತದೆ. ಕಂಪ್ಯೂಟರ್ ಬರೀ ಜಿ-ಕೋಡ್ (ಎಲ್ಲಿಗೆ, ಎಷ್ಟು ವೇಗದಲ್ಲಿ ಹೋಗಬೇಕೆಂಬ ಆಜ್ಞೆಗಳು) ಸಾಲುಗಳನ್ನು ಯುಎಸ್‌ಬಿ ಮೂಲಕ ಓದಿ ಹೇಳುತ್ತದೆ.

ಮಾಕ್3 ಮತ್ತು ಲಿನಕ್ಸ್‌ಸಿಎನ್‌ಸಿಗೆ ಒಂದೇ ಹಳೆಯ ಡೆಸ್ಕ್‌ಟಾಪ್ ಬಳಸಿದೆ, ಹಾರ್ಡ್‌ಡಿಸ್ಕ್ ಮಾತ್ರ ಬೇರೆ ಬೇರೆ. ಪ್ಯಾರಲಲ್ ಪೋರ್ಟ್ ಇರುವ ಡೆಸ್ಕ್‌ಟಾಪ್ ಹುಡುಕಲು ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಅರ್ಧ ದಿನ ಅಲೆದೆ. ಕೊಂಡದ್ದರ ಹಿಂಬದಿಯಲ್ಲಿ ಪೋರ್ಟ್ ಇರಲೇ ಇಲ್ಲ. ಮನೆಗೆ ತಂದು ಬಿಚ್ಚಿ ನೋಡಿದರೆ ಮದರ್‌ಬೋರ್ಡ್ ಮೇಲೆ 26 ಪಿನ್ನಿನ ಹೆಡರ್ ಇತ್ತು. ಸಣ್ಣ ರಿಬ್ಬನ್ ಕೇಬಲ್ ಹಾಕಿದ ಮೇಲೆ ಪೋರ್ಟ್ ಬಂತು. ನೀವೂ ಹಳೆ ಕಂಪ್ಯೂಟರ್ ಹುಡುಕುತ್ತಿದ್ದರೆ ಹಿಂಬದಿ ನೋಡಿ ಬಿಟ್ಟುಬಿಡಬೇಡಿ, ಮುಚ್ಚಳ ತೆಗೆದು ನೋಡಿ.

ಮೂರಕ್ಕೂ ಕೊಟ್ಟದ್ದು ಒಂದೇ ಫೈಲ್. ಇಂಕ್‌ಸ್ಕೇಪ್ ಎಂಬ ಚಿತ್ರ ಬಿಡಿಸುವ ಸಾಫ್ಟ್‌ವೇರ್‌ನಲ್ಲಿ 80 ಮಿಮೀ ಎತ್ತರದ ಅಕ್ಷರ ಬರೆದು, ಪಾತ್ (ಗೆರೆಗಳ ಆಕಾರ) ಮಾಡಿ, ಎಲ್ಲವನ್ನೂ ಒಂದೇ ಆಕಾರವಾಗಿ ಬೆಸೆಯುವ ಯೂನಿಯನ್ ಕೊಟ್ಟೆ. ಯೂನಿಯನ್ ಮರೆಯಬೇಡಿ. ಕೆಲವು ಫಾಂಟ್‌ಗಳಲ್ಲಿ ವಟ್ರಸುಳಿಯೂ ಒತ್ತಕ್ಷರವೂ ಮೂಲ ಅಕ್ಷರದ ಮೇಲೆ ಸ್ವಲ್ಪ ಹತ್ತಿ ಕೂತಿರುತ್ತವೆ. ಹಾಗೇ ಬಿಟ್ಟರೆ ಅಕ್ಷರದ ಹೊಟ್ಟೆಯೊಳಗೆ ಬೇಡದ ಗೆರೆ ಬೀಳುತ್ತದೆ. ಕನ್ನಡ ಅಕ್ಷರ ಅಂದರೆ ಬಹುತೇಕ ಬಳುಕು. ಆ ಬಳುಕನ್ನೆಲ್ಲ ಚಿತ್ರವನ್ನು ಜಿ-ಕೋಡ್ ಮಾಡುವ ನನ್ನ ಕ್ಯಾಮ್ ಸಾಫ್ಟ್‌ವೇರ್ 0.05 ಮಿಮೀ ಉದ್ದದ ನೇರ ಗೆರೆಗಳಾಗಿ ಕತ್ತರಿಸಿತು. ಎಲ್ಲ ಅಕ್ಷರಗಳನ್ನೂ ಒಮ್ಮೆ ಕೊರೆದು ಮುಗಿಸುವ ಒಂದು ಸುತ್ತಿಗೆ ಸುಮಾರು 40 ಸಾವಿರ ಸಾಲು ಜಿ-ಕೋಡ್. ವೇಗ ನಿಮಿಷಕ್ಕೆ 1500 ಮಿಮೀ, ಆಕ್ಸಿಲರೇಷನ್, ಅಂದರೆ ವೇಗ ಏರಿಳಿಯುವ ದರ, ಸೆಕೆಂಡ್ ವರ್ಗಕ್ಕೆ 200 ಮಿಮೀ. ಲೆಕ್ಕದ ಪ್ರಕಾರ ಒಂದು ಸುತ್ತು 80 ಸೆಕೆಂಡಿನಲ್ಲಿ ಮುಗಿಯಬೇಕು.

ಮಾಕ್3ಯಿಂದ ಶುರು ಮಾಡಿದೆ. ಇದರ ಪ್ಯಾರಲಲ್ ಪೋರ್ಟ್ ಡ್ರೈವರ್ 64 ಬಿಟ್ ವಿಂಡೋಸ್‌ನಲ್ಲಿ ಕೆಲಸ ಮಾಡುವುದಿಲ್ಲ. ಹಾಗಾಗಿ 32 ಬಿಟ್‌ನ ವಿಂಡೋಸ್ 7 ಹಾಕಿದೆ. ಉಚಿತವಾಗಿ ಬಳಸಿದರೆ 500 ಸಾಲು ಜಿ-ಕೋಡ್ ಮಾತ್ರ ಓಡುತ್ತದೆ. ನನ್ನ ಫೈಲ್‌ಗೆ ಅದು ಮೊದಲ ಅಕ್ಷರದ ಮೂಲೆಗೂ ಸಾಲದು. 175 ಡಾಲರ್ ಲೈಸೆನ್ಸ್ ಬೇಕೇ ಬೇಕಾಯಿತು. ಕದ್ದ ಕಾಪಿ ಎಲ್ಲೆಂದರಲ್ಲಿ ಸಿಗುತ್ತದೆ, ಅದು ನನಗೆ ಬೇಡ. ಅಷ್ಟು ವರ್ಷ ಕೂತು ಬರೆದವರ ದುಡಿಮೆ ಅದು.

ಹೊಂದಿಸುವುದು ಮಾತ್ರ ನಿಜಕ್ಕೂ ಸುಲಭ. ಯಾವ ಪಿನ್ ಏನು ಅಂತ ಮೆನುವಿನಲ್ಲಿ ತುಂಬುತ್ತಾ ಹೋದರೆ ಒಂದು ಸಂಜೆಯಲ್ಲಿ ಮೋಟರ್ ತಿರುಗುತ್ತದೆ. ಎಷ್ಟು ಸಾಲು ಮುಂದೆ ನೋಡಬೇಕೆಂದು ನಾವೇ ಹೇಳಬಹುದು. 200 ಕೊಟ್ಟೆ. ಸುತ್ತು ಸರಾಗವಾಗಿ 80 ಸೆಕೆಂಡಿನ ಹತ್ತಿರವೇ ಮುಗಿಯಿತು. ಆದರೆ ಎರಡನೇ ಸುತ್ತಿನಲ್ಲಿ ‘ಕೃ’ ಮಧ್ಯದಲ್ಲಿ ಮೋಟರ್ ಒಮ್ಮೆ ಕರ್ರ್ ಅಂದಿತು. ಅಲ್ಲಿಂದ ಮುಂದೆ ಎಲ್ಲವೂ ವೈ ದಿಕ್ಕಿನಲ್ಲಿ ಒಂದು ಮಿಲಿಮೀಟರ್ ಪಕ್ಕಕ್ಕೆ. ವಟ್ರಸುಳಿ ಕಕಾರದಿಂದ ಕಳಚಿಕೊಂಡು ನಿಂತಿತು. ತಪ್ಪು ನನ್ನದೇ. ಹಿನ್ನೆಲೆಯಲ್ಲಿ ಓಡುತ್ತಿದ್ದ ಇನ್ನೊಂದು ಪ್ರೋಗ್ರಾಂ ನಿಲ್ಲಿಸಿರಲಿಲ್ಲ. ಸ್ಟೆಪ್ಪರ್ ಮೋಟರ್ ತಾನು ಎಲ್ಲಿದ್ದೇನೆ ಅಂತ ವಾಪಸ್ ಹೇಳುವುದಿಲ್ಲ. ಪಲ್ಸ್ ತಪ್ಪಿದರೆ ಕಂಪ್ಯೂಟರ್‌ಗೆ ಗೊತ್ತೇ ಆಗುವುದಿಲ್ಲ. ಬೇಡದ್ದನ್ನೆಲ್ಲ ತೆಗೆದು, ಇಂಟರ್ನೆಟ್ ಕಿತ್ತು, ಕರೆಂಟ್ ಉಳಿಸುವ ಸೆಟ್ಟಿಂಗ್‌ಗಳನ್ನು ಬಂದ್ ಮಾಡಿದ ಮೇಲೆ ಆ ತೊಂದರೆ ಮತ್ತೆ ಬರಲಿಲ್ಲ. ಅಂದರೆ ಆ ಕಂಪ್ಯೂಟರ್ ಆ ಕೆಲಸಕ್ಕೇ ಮೀಸಲು.

ಎರಡನೆಯದು ಗರ್ಬಲ್. ಇದು 2009ರಲ್ಲಿ ಹುಟ್ಟಿದ್ದು, ಉಚಿತ, ಕೋಡ್ ಎಲ್ಲರಿಗೂ ತೆರೆದಿದೆ. 16 ಮೆಗಾಹರ್ಟ್ಸ್‌ನ ಆ ಚಿಕ್ಕ ಚಿಪ್ಪಿನಿಂದ ಸೆಕೆಂಡಿಗೆ 30,000 ಪಲ್ಸ್ ತೆಗೆಯುತ್ತದೆ. ಅದನ್ನು ಬರೆದವರ ಬಗ್ಗೆ ನನಗೆ ಬಹಳ ಗೌರವ. ಒಂದು ಗಂಟೆಯಲ್ಲಿ ಮೆಷಿನ್ ಓಡಿತು. ಮಿಲಿಮೀಟರ್‌ಗೆ ಎಷ್ಟು ಪಲ್ಸ್ ಅನ್ನುವುದು $100 ಎಂಬ ಸೆಟ್ಟಿಂಗ್‌ನಲ್ಲಿ, ಗರಿಷ್ಠ ವೇಗ $110ರಲ್ಲಿ, ಆಕ್ಸಿಲರೇಷನ್ $120ರಲ್ಲಿ. ಉಳಿದ ಎರಡು ಅಕ್ಷಗಳಿಗೆ ಮುಂದಿನ ಸಂಖ್ಯೆಗಳು. ಯಾವ ಲ್ಯಾಪ್‌ಟಾಪ್ ಆದರೂ ಸರಿ. ಸಾಲುಗಳನ್ನು ಕಳಿಸಲು ನಾನು ಯೂನಿವರ್ಸಲ್ ಜಿ-ಕೋಡ್ ಸೆಂಡರ್ ಬಳಸಿದೆ.

ಆದರೆ 80 ಸೆಕೆಂಡಿನ ಸುತ್ತು ಎರಡು ನಿಮಿಷದ ಹತ್ತಿರ ಹೋಯಿತು! ಯಾಕೆ ಅಂತ ಕೂತು ಲೆಕ್ಕ ಹಾಕಿದೆ. ಗರ್ಬಲ್ ಮುಂದೆ ನೋಡುವುದು 16 ತುಂಡುಗಳನ್ನು ಮಾತ್ರ. ನನ್ನ ತುಂಡು 0.05 ಮಿಮೀ. ಅಂದರೆ ಅದರ ಕಣ್ಣಿಗೆ ಕಾಣುವ ದಾರಿ 0.8 ಮಿಮೀ. ಕಾಣುವ ದಾರಿಯ ಕೊನೆಯಲ್ಲಿ ನಿಲ್ಲಲು ಆಗುವಷ್ಟು ವೇಗದಲ್ಲಿ ಮಾತ್ರ ಅದು ಓಡುತ್ತದೆ, ಮಂಜಿನಲ್ಲಿ ಗಾಡಿ ಓಡಿಸಿದ ಹಾಗೆ. ನನ್ನ ಆಕ್ಸಿಲರೇಷನ್‌ಗೆ ಆ ವೇಗ ನಿಮಿಷಕ್ಕೆ ಸುಮಾರು 1070 ಮಿಮೀ. ಇನ್ನೊಂದು ಗಂಟು ಯುಎಸ್‌ಬಿಯದು. 115200 ಬಾಡ್ ಎಂಬ ಅದರ ವೇಗದಲ್ಲಿ ಸೆಕೆಂಡಿಗೆ ಸುಮಾರು 11,500 ಅಕ್ಷರ ಹೋಗುತ್ತವೆ. 1500ರ ವೇಗಕ್ಕೆ ಸೆಕೆಂಡಿಗೆ 500 ಸಾಲು ಬೇಕು, ಒಂದೊಂದು ಸಾಲಿಗೆ 20 ಅಕ್ಷರದ ಹತ್ತಿರ. ಅಲ್ಲಿಗೆ ಪೈಪು ತುಂಬಿಯೇ ಹೋಯಿತು.

ಪರಿಹಾರ ಕ್ಯಾಮ್‌ನಲ್ಲಿತ್ತು. ತುಂಡಿನ ಉದ್ದ 0.2 ಮಿಮೀ ಮಾಡಿದೆ. ಕಾಣುವ ದಾರಿ 3.2 ಮಿಮೀ ಆಯಿತು, ವೇಗ ಪೂರ್ತಿ ಬಂತು. ಅಕ್ಷರ ಕೆಟ್ಟಿತಾ? 5 ಮಿಮೀ ತ್ರಿಜ್ಯದ ಸುಳಿಯಲ್ಲಿ 0.2 ಮಿಮೀ ತುಂಡಿಗೆ ಆಗುವ ತಪ್ಪು 0.001 ಮಿಮೀ. ಮರದಲ್ಲಿ ಅದನ್ನು ಯಾರೂ ಕಾಣಲಾರರು. ಸುಮ್ನೆ ಸಣ್ಣ ತುಂಡು ಕೊಟ್ಟರೆ ಕೆಲಸ ನಯವಾಗುತ್ತದೆ ಅಂತ ನಾನು ಇಷ್ಟು ದಿನ ನಂಬಿದ್ದೆ.

ಗರ್ಬಲ್‌ನ ಹಲಗೆಯಲ್ಲಿ ಒಂದು ಕಪ್ಪು ಚುಕ್ಕೆ ಇದೆ. ‘ಪ’ದ ಎಡಬದಿಯಲ್ಲಿ, ಸಾಸಿವೆ ಕಾಳಿನಷ್ಟು. ವ್ಯಾಕ್ಯೂಮ್ ಕ್ಲೀನರ್ ಸ್ವಿಚ್ ಆರಿಸಿದ ಕ್ಷಣ ಯುಎಸ್‌ಬಿ ಕಡಿಯಿತು. ಆಗಲೇ ಬೋರ್ಡಿಗೆ ಬಂದು ಕಾಯುತ್ತಿದ್ದ ಸಾಲುಗಳನ್ನು ಮುಗಿಸಿ ಮೆಷಿನ್ ನಿಂತಿತು, ಕೊರೆಯುವ ಬಿಟ್ ತಿರುಗಿಸುವ ಸ್ಪಿಂಡಲ್ ಮಾತ್ರ ತಿರುಗುತ್ತಲೇ ಇತ್ತು. ಹಲಸಿನ ಹಳದಿ ಮರ ಅಲ್ಲೇ ಸುಟ್ಟಿತು. ಉದ್ದದ ಅಗ್ಗದ ಕೇಬಲ್ ಬಿಸಾಕಿ, ಶೀಲ್ಡ್ ಇರುವ ಗಿಡ್ಡ ಕೇಬಲ್‌ಗೆ ವಿದ್ಯುತ್ತಿನ ಗದ್ದಲ ತಡೆಯುವ ಫೆರೈಟ್ ಹಾಕಿ, ಅರ್ತಿಂಗ್ ಸರಿ ಮಾಡಿದೆ. ಆಮೇಲೆ ಒಮ್ಮೆಯೂ ಕಡಿದಿಲ್ಲ.

ಲಿನಕ್ಸ್‌ಸಿಎನ್‌ಸಿ ನನ್ನಿಂದ ಹೆಚ್ಚು ಸಮಯ ತೆಗೆದುಕೊಂಡಿತು. ನಾನು ಹೆಚ್ಚು ಕಲಿತದ್ದೂ ಅದರಿಂದಲೇ. ಇದರ ಮೂಲ ಅಮೆರಿಕದ ನಿಸ್ಟ್ ಅನ್ನುವ ಸರ್ಕಾರಿ ಸಂಸ್ಥೆಯಲ್ಲಿ 1990ರ ದಶಕದಲ್ಲಿ ಬರೆದ ಇಎಂಸಿ ಎಂಬ ಕಂಟ್ರೋಲರ್. ಸರ್ಕಾರದ ದುಡ್ಡಿನದ್ದಾದ್ದರಿಂದ ಅದು ಎಲ್ಲರ ಸ್ವತ್ತಾಯಿತು. ಇದು ಓಡುವುದು ರಿಯಲ್‌ಟೈಮ್ ಕರ್ನಲ್ ಇರುವ ಲಿನಕ್ಸ್ ಮೇಲೆ. ಅಂದರೆ ‘ಈ ಕೆಲಸ ಇಷ್ಟು ಹೊತ್ತಿಗೆ ಆಗಲೇಬೇಕು, ಉಳಿದದ್ದು ಕಾಯಲಿ’ ಅನ್ನುವ ವ್ಯವಸ್ಥೆ.

ಅದು ಎಷ್ಟು ಚೆನ್ನಾಗಿ ನಡೆಯುತ್ತದೆ ಅಂತ ಅಳೆಯಲು ಲೇಟೆನ್ಸಿ ಟೆಸ್ಟ್, ಅಂದರೆ ಎಷ್ಟು ತಡವಾಗುತ್ತದೆ ಎಂಬ ಪರೀಕ್ಷೆ, ಅದರಲ್ಲೇ ಇದೆ. ಟೆಸ್ಟ್ ಓಡುವಾಗ ಕಂಪ್ಯೂಟರ್‌ಗೆ ಬೇಕಂತಲೇ ಕಾಟ ಕೊಡಬೇಕು. ಕಿಟಕಿಗಳನ್ನು ಎಳೆದಾಡಿ, ದೊಡ್ಡ ಫೈಲ್ ಕಾಪಿ ಮಾಡಿ. ಮೊದಲ ಸಲ ನನಗೆ ಬಂದದ್ದು 180 ಮೈಕ್ರೊಸೆಕೆಂಡ್ ತಡ. ನಮ್ಮ ಪಲ್ಸ್‌ಗಳ ಅಂತರ 62.5. ಮೂರು ಪಲ್ಸ್‌ಗಳ ಹೊತ್ತು ಗೈರುಹಾಜರಿ ಅಂದರೆ ಮೋಟರ್ ಮುಗ್ಗರಿಸುತ್ತದೆ ಅಲ್ವಾ? ಕಂಪ್ಯೂಟರ್‌ನ ಮೂಲ ಸೆಟ್ಟಿಂಗ್‌ಗಳಿರುವ ಬಯಾಸ್‌ಗೆ ಹೋಗಿ, ಪ್ರೊಸೆಸರ್‌ನ ಒಂದು ಕೋರ್ ಎರಡರಂತೆ ಕೆಲಸ ಮಾಡುವ ಹೈಪರ್‌ಥ್ರೆಡಿಂಗ್ ಬಂದ್ ಮಾಡಿದೆ, ಪ್ರೊಸೆಸರ್ ನಿದ್ದೆಗೆ ಹೋಗುವ ಸಿ-ಸ್ಟೇಟ್‌ಗಳನ್ನು ಬಂದ್ ಮಾಡಿದೆ, ಒಂದು ಕೋರ್ ಅನ್ನು ಈ ಕೆಲಸಕ್ಕೇ ಬಿಟ್ಟುಕೊಟ್ಟೆ. 28 ಮೈಕ್ರೊಸೆಕೆಂಡ್‌ಗೆ ಇಳಿಯಿತು. ಇದಕ್ಕೇ ಎರಡು ದಿನ ಹೋಯಿತು. ಆದರೆ ಮಾಕ್3ಯಲ್ಲಿ ಹಲಗೆ ಹಾಳಾದ ಮೇಲೆ ಗೊತ್ತಾದದ್ದು ಇಲ್ಲಿ ಮರ ಮುಟ್ಟುವ ಮೊದಲೇ ಸಂಖ್ಯೆಯಾಗಿ ಕಣ್ಣೆದುರಿಗೆ ಬಂತು. ನನಗೆ ಇದು ಬಹಳ ದೊಡ್ಡ ವಿಷಯ.

ಇನ್ನು ಮೂರು ಹಲಗೆಗಳನ್ನು ಕಿಟಕಿಯ ಹತ್ತಿರ ಓರೆ ಬೆಳಕಿಗೆ ಹಿಡಿದು ನೋಡೋಣ.

ತಲೆಕಟ್ಟಿನ ಚೂಪು ತುದಿ ಮೊದಲು. ಮಾಕ್3ಯ ಹಲಗೆಯಲ್ಲಿ ಅದು ಸುಮಾರು ಅರ್ಧ ಮಿಲಿಮೀಟರ್ ದುಂಡಗಾಗಿದೆ. ವೇಗ ಕಡಿಮೆಯಾಗದಿರಲಿ ಅಂತ ಅದು ಮೂಲೆಯನ್ನು ಸವರಿಕೊಂಡು ಹೋಗುತ್ತದೆ. ಚೂಪು ಮೂಲೆಗಳಲ್ಲಿ ನಿಲ್ಲು ಅನ್ನುವ ಸೆಟ್ಟಿಂಗ್ ಇದೆ. ಅದನ್ನು ಹಾಕಿ ಬೇರೆ ತುಂಡಿನಲ್ಲಿ ಕೊರೆದಾಗ ತುದಿ ಸರಿಯಾಗಿ ಬಂತು. ಗರ್ಬಲ್ ಮೂಲೆಯಲ್ಲಿ ನಿಧಾನ ಮಾಡಿ ಸರಿಯಾಗಿ ತಿರುಗುತ್ತದೆ, ತುದಿ ಚೂಪಾಗಿದೆ. ಲಿನಕ್ಸ್‌ಸಿಎನ್‌ಸಿಯಲ್ಲಿ ಎಷ್ಟು ಸವರಬಹುದು ಅಂತ ನಾವೇ ಮಿಲಿಮೀಟರ್‌ನಲ್ಲಿ ಹೇಳುತ್ತೇವೆ. ಫೈಲಿನ ಮೇಲ್ಭಾಗದಲ್ಲಿ ಜಿ64 ಪಿ0.05 ಕ್ಯೂ0.02 ಅಂತ ಒಂದು ಸಾಲು. ಪಿ ಅಂದರೆ ಮೂಲೆಯಲ್ಲಿ ಇಷ್ಟರ ಮೇಲೆ ತಪ್ಪಬೇಡ. ಕ್ಯೂ ಅಂದರೆ ಹೆಚ್ಚುಕಡಿಮೆ ನೇರವಾಗಿರುವ ಸಣ್ಣ ತುಂಡುಗಳನ್ನು ಒಂದಾಗಿಸಿಕೋ. ಆ 40 ಸಾವಿರ ಸಾಲಿನ ಫೈಲ್ ಅನ್ನು ಬದಲಾಯಿಸದೆಯೇ ಪೂರ್ತಿ ವೇಗದಲ್ಲಿ ಓಡಿಸಿತು, ತುದಿಯೂ ಚೂಪು.

ಆಮೇಲೆ ‘ರ’. ಹೆಚ್ಚುಕಡಿಮೆ ಪೂರ್ತಿ ವೃತ್ತ ಆದ್ದರಿಂದ ಮೆಷಿನ್ನಿನ ಗುಟ್ಟನ್ನೆಲ್ಲ ಬಿಟ್ಟುಕೊಡುತ್ತದೆ. ನನ್ನ ವೈ ಅಕ್ಷದಲ್ಲಿ 0.08 ಮಿಮೀ ಸಡಿಲ ಇತ್ತು. ದಿಕ್ಕು ಬದಲಿಸುವ ಜಾಗದಲ್ಲಿ, ಅಂದರೆ ‘ರ’ದ ತಳದಲ್ಲಿ, ಗರ್ಬಲ್‌ನ ಹಲಗೆಗೆ ಉಗುರು ಆಡಿಸಿದರೆ ಸಣ್ಣ ಮೆಟ್ಟಿಲು ಸಿಗುತ್ತದೆ. ಗರ್ಬಲ್‌ನಲ್ಲಿ ಬ್ಯಾಕ್‌ಲ್ಯಾಶ್, ಅಂದರೆ ಈ ಸಡಿಲವನ್ನು, ತುಂಬುವ ವ್ಯವಸ್ಥೆ ಇಲ್ಲ. ಉಳಿದ ಎರಡರಲ್ಲಿ 0.08 ಅಂತ ಬರೆದುಬಿಟ್ಟರೆ ಸಾಕು, ಅಲ್ಲಿ ತಳ ನಯವಾಗಿದೆ. ಕೊನೆಗೆ ನಟ್ಟಿನ ಬ್ರಾಕೆಟ್ ಬಿಗಿ ಮಾಡಿದೆ. ಮೊದಲೇ ಮಾಡಬೇಕಿದ್ದ ಕೆಲಸ ಅದು.

ಕರೆಂಟ್ ಹೋಗುವ ವಿಷಯ ಹೇಳದಿದ್ದರೆ ನಮ್ಮ ಕಡೆಯ ಬರಹ ಆಗುವುದಿಲ್ಲ. ಕಂಪ್ಯೂಟರ್‌ಗೆ ಮಾತ್ರ ಯುಪಿಎಸ್ ಇದ್ದರೆ ಇನ್ನೂ ಕಷ್ಟ. ಮೋಟರ್ ಸತ್ತಿರುತ್ತದೆ, ಕಂಪ್ಯೂಟರ್ ಕೊರೆಯುತ್ತಲೇ ಇದ್ದೇನೆ ಅಂದುಕೊಂಡಿರುತ್ತದೆ. ಡ್ರೈವರ್‌ಗಳ ಸಪ್ಲೈಗೆ ಒಂದು ರಿಲೇ ಹಾಕಿ, ಅದರ ಕಾಂಟ್ಯಾಕ್ಟ್ ಅನ್ನು ಎಮರ್ಜೆನ್ಸಿ ಸ್ಟಾಪ್ ಪಿನ್‌ಗೆ ಕೊಡಿ. ಮೂರರಲ್ಲೂ ಇದು ಸಾಧ್ಯ. ಗರ್ಬಲ್‌ನಲ್ಲಿ ಎ0 ಪಿನ್ ರೀಸೆಟ್ ಕೆಲಸ ಮಾಡುತ್ತದೆ. ಮೆಷಿನ್ನಿನ ಮೂಲ ಜಾಗ ಗುರುತಿಸುವ ಹೋಮಿಂಗ್ ಸ್ವಿಚ್ ಹಾಕಿದ್ದರೆ ಕರೆಂಟ್ ಬಂದ ಮೇಲೆ ಹೋಮ್ ಮಾಡಿ, ನಿಂತ ಸಾಲಿಗಿಂತ ಸ್ವಲ್ಪ ಹಿಂದಿನಿಂದ ಶುರು ಮಾಡಬಹುದು.

ಮೊದಲ ಮೆಷಿನ್ ಕಟ್ಟುವವರು ಗರ್ಬಲ್ ಹಾಕಿ. ಕಮ್ಮಿ ದುಡ್ಡು, ಕಮ್ಮಿ ತಲೆನೋವು. ಮೂರು ಅಕ್ಷದ ಮರಗೆಲಸಕ್ಕೆ ಏನೂ ಕೊರತೆ ಇಲ್ಲ. ಮಾಕ್3 ಈಗಾಗಲೇ ಕೊಂಡು, ಹಳೆ ಕಂಪ್ಯೂಟರ್‌ನಲ್ಲಿ ಚೆನ್ನಾಗಿ ಓಡುತ್ತಿದ್ದರೆ ಅದನ್ನು ಮುಟ್ಟಬೇಡಿ, ಓಡಲಿ. ಹೊಸದಾಗಿ ಕೊಳ್ಳಿ ಅಂತ ನಾನು ಹೇಳಲಾರೆ, ಅದಕ್ಕೆ ಬೇಕಾದ ಕಂಪ್ಯೂಟರ್‌ಗಳೇ ಮುಗಿಯುತ್ತಾ ಬಂದಿವೆ. ಲೇತ್‌ನಲ್ಲಿ ಥ್ರೆಡ್ ಹಾಕಬೇಕು, ಸ್ಪಿಂಡಲ್ ಎಷ್ಟು ತಿರುಗಿತೆಂದು ಹೇಳುವ ಎನ್‌ಕೋಡರ್ ಜೊತೆ ಅಕ್ಷ ಹೆಜ್ಜೆ ಹಾಕಬೇಕು ಅನ್ನುವವರು ನೇರ ಲಿನಕ್ಸ್‌ಸಿಎನ್‌ಸಿಗೆ ಬನ್ನಿ. ಕಲಿಕೆ ಜಾಸ್ತಿ, ಆದರೆ ಕಲಿತದ್ದು ವ್ಯರ್ಥವಾಗುವುದಿಲ್ಲ.

ನನ್ನ ರೌಟರ್‌ನಲ್ಲಿ ಈಗ ಲಿನಕ್ಸ್‌ಸಿಎನ್‌ಸಿಯೇ ಇದೆ. ಆದರೆ ಪ್ಯಾರಲಲ್ ಪೋರ್ಟ್ ತೆಗೆದೆ. ಅದರ ಜಾಗದಲ್ಲಿ ಮೆಸಾ 7ಐ96 ಕಾರ್ಡ್ ಕೂತಿದೆ, ನೆಟ್‌ವರ್ಕ್ ಕೇಬಲ್‌ನಿಂದ ಕಂಪ್ಯೂಟರ್‌ಗೆ ಸೇರುತ್ತದೆ. ಕಂಪ್ಯೂಟರ್ ಸೆಕೆಂಡಿಗೆ ಸಾವಿರ ಸಲ ‘ಇಷ್ಟು ವೇಗದಲ್ಲಿ ಹೋಗು’ ಅನ್ನುತ್ತದೆ. ಪಲ್ಸ್‌ಗಳ ತಾಳ ಕಾರ್ಡಿನ ಚಿಪ್ ಹಾಕುತ್ತದೆ. ಹಾಗಾಗಿ 100 ಮೈಕ್ರೊಸೆಕೆಂಡ್ ತಡವಾದರೂ ಮೋಟರ್‌ಗೆ ಗೊತ್ತಾಗುವುದಿಲ್ಲ. ಹೊಸ ಕಂಪ್ಯೂಟರ್ ಕೂಡ ನಡೆಯುತ್ತದೆ. ಗರ್ಬಲ್ ಹಾಕಿದ್ದ ಊನೋ ಈಗ ಪಕ್ಕದ ಮನೆ ಹುಡುಗನ ಪುಟ್ಟ 3018 ಮೆಷಿನ್ನಿನಲ್ಲಿದೆ. ಅವನು ಅದರಲ್ಲಿ ಸರ್ಕ್ಯೂಟ್ ಬೋರ್ಡ್ ಕೊರೆಯುತ್ತಿದ್ದಾನೆ. ಗಿಡ್ಡ ಕೇಬಲ್ಲನ್ನೂ ಫೆರೈಟ್ ಸಮೇತ ಅವನಿಗೇ ಕೊಟ್ಟೆ.