ಮಸಿ ತಡೆಯುವ ಹುಡ್: ಕೊಳ್ಳುವ ಮುನ್ನ, ಕೊಂಡ ಮೇಲೆ

ಅಗ್ನಿಶಾಮಕರ ಕೋಟು, ಪ್ಯಾಂಟುಗಳಿಗೆ ಮೂರು ಪದರದ ರಕ್ಷಣೆ ಇರುತ್ತದೆ. ಉಸಿರಾಟದ ಮಾಸ್ಕ್‌ಗೂ ಕಾಲರ್‌ಗೂ ನಡುವೆ ಮಾತ್ರ ತಲೆ, ಕುತ್ತಿಗೆ ಮುಚ್ಚುವ ಹೆಣೆದ ಬಟ್ಟೆಯ ಹಳೆಯ ಹುಡ್ಡೇ ಗತಿ. ಅದು ಝಳ ತಡೆಯುತ್ತದೆ, ಹೊಗೆಯ ಸಣ್ಣ ಕಣಗಳನ್ನು ಒಳಗೆ ಬಿಡುತ್ತದೆ. ಬೆಂಕಿ ಆರಿಸಿ ಬಂದವರ ದವಡೆ, ಕುತ್ತಿಗೆ, ಕಿವಿಯ ಹಿಂಭಾಗ ಕಪ್ಪಾಗಿರುವುದು ಅದಕ್ಕೇ. ಅಲ್ಲಿಯ ಚರ್ಮ ತೆಳು. ಬಿಸಿಯಾಗಿ ಬೆವರಿದಾಗ ಮಸಿಗೆ ಅಂಟಿದ ಪಿಎಎಚ್ (ವಸ್ತುಗಳು ಅರೆಬರೆ ಉರಿದಾಗ ಹುಟ್ಟುವ, ಕೆಲವು ಕ್ಯಾನ್ಸರ್ ತರುವ) ರಾಸಾಯನಿಕಗಳು ಬೇಗ ಒಳಗಿಳಿಯುತ್ತವೆ. ಅಗ್ನಿಶಾಮಕ ವೃತ್ತಿಯನ್ನು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2022ರಲ್ಲಿ ಕ್ಯಾನ್ಸರ್‌ಕಾರಕಗಳ ಒಂದನೇ ಗುಂಪಿಗೆ ಸೇರಿಸಿದೆ. ಕುತ್ತಿಗೆಯನ್ನು ಹೀಗೆ ಬಿಟ್ಟುಬಿಡುವುದು ಸರಿಯಲ್ಲ.

ಹೊಸ ಬಗೆಯ ಹುಡ್‌ನಲ್ಲಿ ಎರಡು ಬಟ್ಟೆಗಳ ನಡುವೆ ಸೋಸುವ ಪದರವಿದೆ. ಅಮೆರಿಕದ ಅಗ್ನಿ ಸುರಕ್ಷತಾ ಸಂಸ್ಥೆ ಎನ್‌ಎಫ್‌ಪಿಎಯ ‘1971’ ಸಂಖ್ಯೆಯ ಮಾನದಂಡದ 2018ರ ಆವೃತ್ತಿಯಂತೆ ಇಂಥ ಹುಡ್ 0.1ರಿಂದ 1 ಮೈಕ್ರಾನ್ ಗಾತ್ರದ ಕಣಗಳಲ್ಲಿ ಕನಿಷ್ಠ 90% ತಡೆಯಬೇಕಿತ್ತು; ಆ ಮಾನದಂಡ ಈಗ ‘ಎನ್‌ಎಫ್‌ಪಿಎ 1970’ರಲ್ಲಿ ಸೇರಿದೆ. ಕಣ ತಡೆಯುವ ಹುಡ್ ಎಂಬ ಎನ್‌ಎಫ್‌ಪಿಎ ಪ್ರಮಾಣಪತ್ರವಿಲ್ಲದ್ದನ್ನು ಕೊಳ್ಳಬೇಡಿ. ಒಗೆದ ಮೇಲೂ ಅಷ್ಟೇ ತಡೆಯುತ್ತದೆಯೇ ಎಂದು ಕೇಳಿ, ಪರೀಕ್ಷೆಯ ವರದಿಯನ್ನು ತರಿಸಿಕೊಳ್ಳಿ.

ಪದರದಲ್ಲಿ ಎರಡು ಬಗೆ. ಪಿಟಿಎಫ್‌ಇ (ಟೆಫ್ಲಾನ್ ಬಗೆಯ ಪ್ಲಾಸ್ಟಿಕ್) ಪೊರೆಯದು ಒಗೆತಕ್ಕೆ ಚೆನ್ನಾಗಿ ಬಾಳುತ್ತದೆ, ಆದರೆ ತಲೆ ತಿರುಗಿಸಿದಾಗ ಕಿವಿಯ ಬಳಿ ಚರಚರ ಸದ್ದು. ವಾಕಿಟಾಕಿ ಮಾತು ಮಸುಕಾಗುತ್ತದೆ. ನೇಯದೆ ಮಾಡಿದ, ಅತಿ ಸೂಕ್ಷ್ಮ ಎಳೆಗಳ ನ್ಯಾನೊನಾರಿನದು ಮೃದು, ಗಾಳಿಯಾಡುತ್ತದೆ, ಸದ್ದಿಲ್ಲ. ಒರಟಾಗಿ ಎಳೆದರೆ ಒಳಗೇ ಹರಿಯುವ ಭಯ. ದಿನವೂ ಬಳಸುವವರಿಗೆ ನಮ್ಮ ಆಯ್ಕೆ ಎರಡನೆಯದು. ಮಾತು ಕೇಳಿಸಗೊಡದ ಹುಡ್ಡನ್ನು ಸಿಬ್ಬಂದಿ ಸರಿಸಿಕೊಳ್ಳುತ್ತಾರೆ, ಆಗ ಯಾವ ಪದರವೂ ಉಪಯೋಗಕ್ಕೆ ಬರುವುದಿಲ್ಲ.

ಎಷ್ಟೇ ಒಳ್ಳೆಯ ಹುಡ್ ಆದರೂ ಮುಖದ ಅಂಚಿನಲ್ಲಿ ಸೋಲುತ್ತದೆ. ಎಲಾಸ್ಟಿಕ್ ಸಡಿಲಾದರೆ ಮಾಸ್ಕ್‌ನ ಸುತ್ತ ಸಂದು ಬಿಡುತ್ತದೆ. ಮೊದಲು ಮಾಸ್ಕ್ ಹಾಕಿ, ಪಟ್ಟಿ ಬಿಗಿದು, ಸೋರಿಕೆ ಪರೀಕ್ಷಿಸಿ; ಆಮೇಲೆ ಹುಡ್ ಮೇಲಕ್ಕೆಳೆದು ಅಂಚು ಮಾಸ್ಕ್‌ನ ರಬ್ಬರಿನ ಮೇಲೆ ಸುತ್ತಲೂ ಕೂರಿಸಿ. ರಬ್ಬರಿನ ಕೆಳಗೆ ಹುಡ್ ಸಿಕ್ಕಿದರೆ ಮಾಸ್ಕೇ ಸೋರುತ್ತದೆ. ಹುಡ್‌ನ ಕೆಳಭಾಗವನ್ನು ಕೋಟಿನೊಳಗೆ ಇಳಿಬಿಡಿ.

ಈ ಹುಡ್ ಅನಿಲ ತಡೆಯುವುದಿಲ್ಲ. ಬೆಂಜೀನ್ ಆವಿ, ಹೈಡ್ರೋಜನ್ ಸಯನೈಡ್ ಎರಡೂ ದಾಟುತ್ತವೆ. ಜ್ವಾಲೆ ನಂದಿ ಅವಶೇಷ ಕೆದಕುವಾಗ ಮೀಟರ್ ಕಾರ್ಬನ್ ಮಾನಾಕ್ಸೈಡ್ ಕಡಿಮೆ ತೋರಿಸಿತೆಂದು ಬಿಎ ಸೆಟ್ (ಗಾಳಿ ಸಿಲಿಂಡರಿನ ಉಸಿರಾಟದ ಸಾಧನ) ತೆಗೆಯುವ ರೂಢಿ ಬೇಡವೇ ಬೇಡ; ಆ ಮೀಟರಿಗೆ ಫಾರ್ಮಾಲ್ಡಿಹೈಡ್ ಕಾಣದು, ಕಣಗಳೂ ಕಾಣವು.

ಹೊರಬಂದ ಮೇಲೆ ಮಾಸ್ಕ್‌ನಲ್ಲೇ ಗಾಳಿ ಎಳೆಯುತ್ತಾ ಸಾಬೂನು ನೀರು, ಬ್ರಷ್‌ನಿಂದ ಮೈಮೇಲಿನ ಉಡುಪು ತೊಳೆಸಿಕೊಳ್ಳಿ. ಬರಿಗೈಯಿಂದ ಮುಟ್ಟದೆ, ಸ್ವಚ್ಛ ನೈಟ್ರೈಲ್ ಗ್ಲೌಸ್ ಹಾಕಿದ ಜೊತೆಗಾರರಿಂದ ಹುಡ್ ಒಳಹೊರಗಾಗುವಂತೆ ತೆಗೆಸಿ, ನೇರ ಚೀಲಕ್ಕೆ ಹಾಕಿ ಬಾಯಿ ಕಟ್ಟಿ. ಆ ಚೀಲ ವಾಹನದ ಕ್ಯಾಬಿನ್‌ಗೆ ಬರಬಾರದು. ಕುತ್ತಿಗೆ ಕೂಡಲೇ ಒರೆಸಿಕೊಳ್ಳಿ.

ಹೀಗೆ ಪ್ರತಿ ಬೆಂಕಿಯ ನಂತರ ಒಗೆಯಬೇಕಾದ್ದರಿಂದ ತಲಾ ಎರಡು ಹುಡ್ ಬೇಕೇಬೇಕು; ಒಂದೇ ಕೊಟ್ಟರೆ ಮಸಿ ಹಿಡಿದದ್ದೇ ಮತ್ತೆ ತಲೆಗೇರುತ್ತದೆ. ನೀರು 40 ಡಿಗ್ರಿ ಸೆಲ್ಸಿಯಸ್ ಮೀರದಿರಲಿ, ಕ್ಲೋರಿನ್ ಬ್ಲೀಚ್, ಬಟ್ಟೆ ಮೃದುಗೊಳಿಸುವ ದ್ರವ ಬೇಡ. ಒಣಗಿದ ಮೇಲೆ ಒಳಗಿನಿಂದ ಟಾರ್ಚ್ ಹಿಡಿದು ನೋಡಿ: ಒಂದೆಡೆ ಮಾತ್ರ ಬೆಳಕು ಹೆಚ್ಚಾಗಿ ಹಾಯ್ದರೆ ಅಲ್ಲಿ ಪದರ ಹರಿದಿದೆ. ಅದನ್ನು ಹೊಲಿಯಬೇಡಿ, ಬದಲಿಸಿ.