ವಾಟರ್‌ವರ್ಲ್ಡ್: ಚಿಕ್ಕದು, ದೊಡ್ಡದು, ಮೈ ಒದ್ದೆ ಮಾಡೋದು

2000ನೇ ಇಸವಿ ಇರಬೇಕು. ಶಿವಮೊಗ್ಗದಲ್ಲಿ ನಾನೂ ನನ್ನ ರೂಮ್‌ಮೇಟೂ ಇಪ್ಪತ್ತು ರೂಪಾಯಿ ಕೊಟ್ಟು ‘ವಾಟರ್‌ವರ್ಲ್ಡ್’ ವಿಸಿಡಿ ಬಾಡಿಗೆಗೆ ತಂದೆವು. ಎರಡು ಡಿಸ್ಕ್. ಮೊದಲನೆಯದು ಮುಗಿಯುವಾಗ ನಾಯಕ, ಒಬ್ಬಳು ಹೆಂಗಸು, ಒಂದು ಪುಟ್ಟ ಹುಡುಗಿ, ಮೂವರೂ ದೋಣಿಯಲ್ಲಿ. ಸುತ್ತ ಬರೀ ನೀರು. ಒಣನೆಲ ಎಲ್ಲಿದೆ ಅನ್ನೋ ನಕ್ಷೆ ಆ ಹುಡುಗಿಯ ಬೆನ್ನ ಮೇಲೆ ಹಚ್ಚೆಯಾಗಿದೆ. ಸಿಗುತ್ತೋ ಇಲ್ಲವೋ? ಎರಡನೇ ಡಿಸ್ಕ್ ಹಾಕಿದರೆ ಯಾವುದೋ ಕುಂಗ್‌ಫು ಸಿನಿಮಾ! ಮರುದಿನ ಅಂಗಡಿಯವನಿಗೆ ಹೇಳಿದರೆ, “ಅದೇ ಪಿಕ್ಚರ್ ಸರ್, ಮುಂದೆ ಹಂಗಾಗುತ್ತೆ” ಅಂದ.

ಹಾಗಾಗಿ ಈ ಸಿನಿಮಾದ ಮೇಲೆ ನನಗೆ ಒಂದು ಹಳೆಯ ಬಾಕಿ ಇತ್ತು. ಅದನ್ನು ಈಗ ಬಡ್ಡಿ ಸಮೇತ ತೀರಿಸಿಕೊಂಡಿದ್ದೇನೆ. ಥಿಯೇಟರ್‌ಗೆ ಬಂದಿದ್ದ 135 ನಿಮಿಷದ ಆವೃತ್ತಿ ನೋಡಿದೆ. ‘ಯುಲಿಸಿಸ್ ಕಟ್’ ಅಂತ ಅಭಿಮಾನಿಗಳು ಕರೆಯುವ, ಹತ್ತಿರ ಹತ್ತಿರ ಮೂರು ಗಂಟೆಯ ಆವೃತ್ತಿ ನೋಡಿದೆ. ಇವೆರಡಕ್ಕೂ ಮೊದಲೇ, 2019ರಲ್ಲಿ, ಸಿಂಗಪುರದ ಯೂನಿವರ್ಸಲ್ ಸ್ಟುಡಿಯೋಸ್‌ನಲ್ಲಿ ಇದೇ ಹೆಸರಿನ ಸ್ಟಂಟ್ ಶೋ ನೋಡಿ ಶರ್ಟು ಹಿಂಡಿಕೊಂಡಿದ್ದೆ. ಮೂರಕ್ಕೂ ಪ್ರೇಕ್ಷಕರು ಹೆಚ್ಚುಕಡಿಮೆ ಒಂದೇ. ಹೆಂಡತಿ, ಮಗ, ಅಕ್ಕನ ಮಗಳು. ಮನೆಯಲ್ಲಿ ನೋಡಿದಾಗ ಜೊತೆಗೆ ನಮ್ಮ ಮಾವ. ಮಾವ ಮಲ್ಪೆಯವರು, ಮೂವತ್ತು ವರ್ಷ ಮೀನು ಹಿಡಿಯುವ ದೋಣಿಯಲ್ಲಿ ಕಳೆದವರು. ಸಮುದ್ರದ ಸಿನಿಮಾ ನೋಡೋಕೆ ಇದಕ್ಕಿಂತ ಕಷ್ಟದ ಪ್ರೇಕ್ಷಕ ಸಿಗಲ್ಲ.

ಗೊತ್ತಿಲ್ಲದವರಿಗೆ ಸ್ವಲ್ಪ ಹಿನ್ನೆಲೆ. 1995ರ ಜುಲೈ ಕೊನೆಯಲ್ಲಿ ಬಂದ ಸಿನಿಮಾ. ಧ್ರುವದ ಮಂಜು ಕರಗಿ ಭೂಮಿಯೆಲ್ಲ ಮುಳುಗಿದೆ. ಉಳಿದವರು ತೇಲುವ ಕೋಟೆಗಳಲ್ಲಿ ಬದುಕುತ್ತಿದ್ದಾರೆ. ಕೆವಿನ್ ಕಾಸ್ಟ್ನರ್ ಹೆಸರಿಲ್ಲದ ನಾವಿಕ. ಕಿವಿಯ ಹಿಂದೆ ಮೀನಿನ ಹಾಗೆ ಕಿವಿರು, ಕಾಲ್ಬೆರಳ ನಡುವೆ ಪೊರೆ. ಡೆನಿಸ್ ಹಾಪರ್ ಒಕ್ಕಣ್ಣಿನ ವಿಲನ್. ಆಗಿನ ಕಾಲಕ್ಕೆ ಜಗತ್ತಿನಲ್ಲೇ ಅತಿ ದುಬಾರಿ ಸಿನಿಮಾ, ಸುಮಾರು 17.5 ಕೋಟಿ ಡಾಲರ್. ಬಿಡುಗಡೆಗೆ ಮೊದಲೇ ಅಮೆರಿಕದ ಪತ್ರಿಕೆಗಳು ಹಿಂದೆ ಮಕಾಡೆ ಮಲಗಿದ ಸಿನಿಮಾಗಳ ಹೆಸರು ತಿರುಚಿ ‘ಫಿಶ್‌ಟಾರ್’, ‘ಕೆವಿನ್ಸ್ ಗೇಟ್’ ಅಂತೆಲ್ಲ ಅಡ್ಡಹೆಸರಿಟ್ಟು ಆಡಿಕೊಂಡವು. ಅಮೆರಿಕದಲ್ಲಿ ಬಂದದ್ದು 8.8 ಕೋಟಿ ಡಾಲರ್ ಅಷ್ಟೇ. ಹೊರದೇಶಗಳನ್ನೂ ಸೇರಿಸಿದರೆ 26.4 ಕೋಟಿ. ಅಂದರೆ ಮುಳುಗಿದ ಸಿನಿಮಾ ಅಂತ ಎಲ್ಲರೂ ಹೇಳುವ ಇದು ನಿಜವಾಗಿ ಪೂರ್ತಿ ಮುಳುಗಲೇ ಇಲ್ಲ.

ಈಗ ಚಿಕ್ಕದರ ಕಥೆ.

ಶುರುವಾಗಿ ಒಂದೆರಡು ನಿಮಿಷಕ್ಕೇ ನಾವಿಕ ತನ್ನ ಮೂತ್ರವನ್ನು ಒಂದು ಯಂತ್ರಕ್ಕೆ ಸುರಿದು, ಸೋಸಿ, ಕುಡಿಯುತ್ತಾನೆ. ಮಗ “ಛೀ” ಅಂತ ಸೋಫಾದಿಂದ ಕೆಳಗೆ ಜಾರಿದ. ಹೆಂಡತಿ ಕೈಯಲ್ಲಿದ್ದ ಮಜ್ಜಿಗೆ ಲೋಟ ಕೆಳಗಿಟ್ಟಳು. ಮಾವ ಮಾತ್ರ “ಬುದ್ಧಿವಂತ” ಅಂದರು. ಕಡಲಲ್ಲಿ ಕುಡಿಯೋ ನೀರು ಖಾಲಿಯಾದವರಿಗೆ ಮಾತ್ರ ಅದು ಅರ್ಥವಾಗುತ್ತೆ ಅಂತ ಕಾಣುತ್ತೆ.

ಆಮೇಲೆ ಬಂತು ದೋಣಿ. ಮೂರು ಒಡಲಿನ ಹಾಯಿದೋಣಿ, ಟ್ರೈಮರಾನ್ ಅಂತಾರೆ. ನೋಡೋಕೆ ಮೊದಲು ಗುಜರಿ ಅಂಗಡಿ ತೇಲಿ ಬಂದ ಹಾಗಿರುತ್ತೆ. ಶತ್ರುಗಳು ಬೆನ್ನು ಹತ್ತಿದ ತಕ್ಷಣ ನಾವಿಕ ಒಂದು ಸನ್ನೆಕೋಲು ಎಳೆಯುತ್ತಾನೆ. ಕಂಬ ಎದ್ದು ನಿಲ್ಲುತ್ತೆ, ಹಾಯಿ ಬಿಚ್ಚಿಕೊಳ್ಳುತ್ತೆ, ದೋಣಿ ಒಂದು ಕಡೆಗೆ ವಾಲಿ ನೀರು ಸೀಳಿಕೊಂಡು ಓಡುತ್ತೆ. ಗ್ರಾಫಿಕ್ಸ್ ಅಲ್ಲ, ನಿಜವಾದ ದೋಣಿ. ಫ್ರಾನ್ಸಿನ ದೋಣಿ ಕಂಪನಿಯೊಂದು ಎರಡು ಕಟ್ಟಿಕೊಟ್ಟಿತ್ತು. ಒಂದು ರೂಪ ಬದಲಿಸೋಕೆ, ಇನ್ನೊಂದು ಓಡೋಕೆ. ಅಲ್ಲಿಯವರೆಗೆ ಅರ್ಧ ಕಣ್ಣು ಮುಚ್ಚಿದ್ದ ಮಾವ ಎದ್ದು ಟಿವಿ ಹತ್ತಿರ ಹೋಗಿ ನಿಂತರು. “ರಿವೈಂಡ್ ಮಾಡು ಮಾರಾಯ” ಅಂದರು. ಮೂರು ಸಲ ಮಾಡಿದೆ. ಗಾಳಿ ಯಾವ ಕಡೆಯಿಂದ, ಹಗ್ಗ ಎಲ್ಲಿ ಕಟ್ಟಿದೆ, ಎಲ್ಲ ಬೆರಳಿಟ್ಟು ತೋರಿಸಿದರು. “ಇದು ಸುಳ್ಳಲ್ಲ” ಅನ್ನೋದು ಅವರ ತೀರ್ಪು. 17.5 ಕೋಟಿ ಡಾಲರ್ ಎಲ್ಲಿ ಹೋಯಿತು ಅಂತ ಕೇಳುವವರಿಗೆ ನಾನು ಈ ಒಂದು ದೃಶ್ಯ ತೋರಿಸುತ್ತೇನೆ.

ತೇಲುವ ಕೋಟೆ ಕೂಡ ಹಾಗೇ. ಹವಾಯಿಯ ಕವಾಯಿಹೇ ಬಂದರಿನ ಹತ್ತಿರ ಸಮುದ್ರದ ಮೇಲೇ ಕಟ್ಟಿದ ಉಕ್ಕಿನ ಕೋಟೆ ಅದು. ಇನ್ನೊಂದು ದೊಡ್ಡ ಸೆಟ್ ಚಿತ್ರೀಕರಣದ ಹೊತ್ತಿಗೆ ಮುಳುಗಿಯೇ ಹೋಯಿತು. ಛಾಯಾಗ್ರಾಹಕ ಡೀನ್ ಸೆಮ್ಲರ್ ಎಷ್ಟು ನೀರು ಕಂಡಿರಬೇಕು ಪಾಪ.

ಆದರೆ ಚಿಕ್ಕ ಆವೃತ್ತಿಯ ತೊಂದರೆ ಅಂದರೆ ಆತುರ. ನಿರ್ದೇಶಕ ಕೆವಿನ್ ರೆನಾಲ್ಡ್ಸ್ ಎಡಿಟಿಂಗ್ ಮುಗಿಯುವ ಮೊದಲೇ ಹೊರಟುಹೋದರು. ಕೊನೆಗೆ ಕಾಸ್ಟ್ನರ್ ಅವರೇ ಕೂತು ಮುಗಿಸಿದರು. ನೋಡುವಾಗ ಅದು ಗೊತ್ತಾಗುತ್ತೆ. ನಾವಿಕ ಮೊದಲು ಆ ಪುಟ್ಟ ಹುಡುಗಿ ಎನೋಲಾಳನ್ನು ನೀರಿಗೆ ಎಸೆಯುತ್ತಾನೆ. ಅವಳ ಕೂದಲು ಕತ್ತರಿಸುತ್ತಾನೆ. ಸ್ವಲ್ಪ ಹೊತ್ತಿಗೆಲ್ಲ ಈಜು ಕಲಿಸುತ್ತಿರುತ್ತಾನೆ! “ಇವನಿಗೆ ಯಾವಾಗ ಒಳ್ಳೇ ಬುದ್ಧಿ ಬಂತು? ನಾನು ಅಡುಗೆಮನೆಗೆ ಹೋಗಿದ್ದಾಗಲಾ?” ಅಂತ ಹೆಂಡತಿ ಕೇಳಿದಳು. ಅವಳು ಎದ್ದೇ ಇರಲಿಲ್ಲ. ಒಂದು ಮಾತು: ನಡುವೆ ಒಬ್ಬ ಅರೆಹುಚ್ಚ ಬಂದು ಕಾಗದದ ಹಾಳೆಗಳನ್ನು ಕೊಟ್ಟು ಹೆಂಗಸನ್ನು ಅರ್ಧ ಗಂಟೆಗೆ ಕೇಳುವ ದೃಶ್ಯವಿದೆ. ಮಕ್ಕಳ ಜೊತೆ ನೋಡುವಂಥದ್ದಲ್ಲ. ನಾನು ಮಗನನ್ನು ನೀರು ತರೋಕೆ ಕಳಿಸಿದೆ. ಎರಡೂ ಆವೃತ್ತಿಯಲ್ಲಿದೆ, ರಿಮೋಟ್ ಕೈಯಲ್ಲಿರಲಿ.

ನಾವಿಕನನ್ನೇ ಗಾಳವಾಗಿ ಬಳಸಿ ಒಂದು ದೈತ್ಯ ಮೀನು ಹಿಡಿಯುವ ದೃಶ್ಯಕ್ಕೆ ಎಲ್ಲರೂ ನಕ್ಕರು. ನಗಬಾರದ ಕಡೆ ನಕ್ಕರು. ಕ್ಲೈಮ್ಯಾಕ್ಸ್‌ನಲ್ಲಿ ಬಲೂನಿನಿಂದ ಹಗ್ಗ ಕಟ್ಟಿಕೊಂಡು ಜಿಗಿದು ಹುಡುಗಿಯನ್ನು ಎತ್ತಿಕೊಳ್ಳುವಾಗ ಮಗನೊಬ್ಬನೇ ಚಪ್ಪಾಳೆ ತಟ್ಟಿದ. ಕೊನೆಗೆ ಒಣನೆಲ ಸಿಗುತ್ತೆ. ಹಸಿರು ಗುಡ್ಡ, ಜಲಪಾತ, ಕುದುರೆಗಳು. ಅದು ಯಾವ ಜಾಗ ಅಂತ ಸಿನಿಮಾ ಹೇಳಲ್ಲ. ನಾವಿಕ ಮತ್ತೆ ಕಡಲಿಗೆ ಹೊರಡುತ್ತಾನೆ. ಇಪ್ಪತ್ತು ವರ್ಷ ಕಾದವನಿಗೆ ಇಷ್ಟೇನಾ ಅನ್ನಿಸಿತು. “ಹವಾಯಿ ತರ ಇದೆ” ಅಂದಳು ಅಕ್ಕನ ಮಗಳು. ಹವಾಯಿಯೇ.

ಎರಡು ವಾರ ಬಿಟ್ಟು ದೊಡ್ಡದು.

ಇದು ಹುಟ್ಟಿದ್ದೇ ಒಂದು ಚೆಂದದ ಕಥೆ. ಅಮೆರಿಕದ ಎಬಿಸಿ ಚಾನೆಲ್ ಈ ಸಿನಿಮಾವನ್ನು ಟಿವಿಯಲ್ಲಿ ತೋರಿಸುವಾಗ, ಕತ್ತರಿಸಿ ಬಿಸಾಡಿದ್ದ ಸುಮಾರು 40 ನಿಮಿಷಗಳನ್ನು ಮತ್ತೆ ಸೇರಿಸಿ ಎರಡು ರಾತ್ರಿಗೆ ಹಂಚಿತು. ಟಿವಿ ಅಂದಮೇಲೆ ರಕ್ತ, ಬೈಗುಳಗಳಿಗೆ ಕತ್ತರಿ. ಅಭಿಮಾನಿಗಳು ಕೂತು, ಟಿವಿಯ ಉದ್ದವನ್ನೂ ಥಿಯೇಟರ್‌ನ ಖಾರವನ್ನೂ ಸೇರಿಸಿ ಹೊಲಿದರು. ಅದೇ ಯುಲಿಸಿಸ್ ಕಟ್. ಮುಂದೆ ಆರೋ ವಿಡಿಯೋ ಸಂಸ್ಥೆ ಮೂರೂ ಆವೃತ್ತಿಗಳನ್ನು ಒಂದೇ ಬ್ಲೂ-ರೇ ಪೆಟ್ಟಿಗೆಯಲ್ಲಿ ಹಾಕಿ ಮಾರಿತು. ಅಕ್ಕನ ಮಗಳ ಗೆಳತಿಯಿಂದ ಆ ಪೆಟ್ಟಿಗೆ ಎರವಲು ಸಿಕ್ಕಿತು. ಡಿಸ್ಕ್ ಹಾಕುವ ಮುಂಚೆ ಮೇಲಿನ ಹೆಸರನ್ನು ಎರಡು ಸಲ ಓದಿದೆ. ಹಳೇ ಗಾಯ.

ದೊಡ್ಡದರಲ್ಲಿ ಜಾಸ್ತಿ ಸಿಗೋದು ಹೊಡೆದಾಟ ಅಲ್ಲ, ಬದುಕು. ಕೋಟೆಯ ಒಳಗಿನ ಜನರ ಮಾತು, ಅನುಮಾನ, ವ್ಯಾಪಾರಕ್ಕೆ ಜಾಗ ಸಿಕ್ಕಿದೆ. ನಾವಿಕ ಒಂದು ಡಬ್ಬಿ ಮಣ್ಣು ತಂದು ಮಾರುವ ದೃಶ್ಯ ಎರಡರಲ್ಲೂ ಇದೆ. ಮಣ್ಣೇ ಚಿನ್ನ ಆ ಲೋಕದಲ್ಲಿ. ತೂಕ ಹಾಕುತ್ತಾರೆ, ಚೌಕಾಸಿ ನಡೆಯುತ್ತೆ. ಕುಡಿಯುವ ನೀರಿಗೆ ‘ಹೈಡ್ರೋ’ ಅಂತಾರೆ, ಲೋಟದ ಲೆಕ್ಕದಲ್ಲಿ ಅಳೆದು ಮಾರುತ್ತಾರೆ. ಚಿಕ್ಕದರಲ್ಲಿ ಇದೆಲ್ಲ ಬರೀ ವಿಚಿತ್ರ ಅನ್ನಿಸಿತ್ತು. ದೊಡ್ಡದರಲ್ಲಿ ಆ ಕೋಟೆಯಲ್ಲಿ ಸ್ವಲ್ಪ ಹೊತ್ತು ಕೂತ ಮೇಲೆ ನಿಜವಾಗಿ ಬಾಯಾರಿತು. “2024ರ ಮಾರ್ಚಲ್ಲಿ ನಮ್ಮ ಏರಿಯಾ ಟ್ಯಾಂಕರ್‌ನವನೂ ಹೀಗೇ ಮುಖ ಮಾಡ್ತಿದ್ದ” ಅಂದಳು ಹೆಂಡತಿ. ಬೆಂಗಳೂರಿನವರಿಗೆ ಆ ಜೋಕ್ ಬಿಡಿಸಿ ಹೇಳಬೇಕಾಗಿಲ್ಲ ಅಲ್ವಾ?

ನಾವಿಕನ ಮುಂಗೋಪ ಕರಗೋಕೂ ಇಲ್ಲಿ ಸಮಯ ಸಿಗುತ್ತೆ. ಈ ಸಲ ಹೆಂಡತಿ ಅಡುಗೆಮನೆಯ ಮಾತು ತೆಗೆಯಲಿಲ್ಲ.

ಉದ್ದ ಅನ್ನೋದೇ ದೊಡ್ಡ ದೂರು. ಮಗ ಒಂದೂವರೆ ಗಂಟೆಗೇ ಮಲಗಿದ. ಆಗ ನನಗೆ ಹೊಳೆಯಿತು, ಇದು ಎರಡು ರಾತ್ರಿಗೆ ಅಂತ ಜೋಡಿಸಿದ್ದು. ನಮ್ಮ ಹಾಗೆ ಇಂಟರ್ವಲ್ ಇರುವ ಜನಕ್ಕೆ ಹೇಳಿ ಮಾಡಿಸಿದ್ದು. ಸಿನಿಮಾ ನಿಲ್ಲಿಸಿ, ಚಹಾ, ಮಂಡಕ್ಕಿ ಆಯಿತು. ಮುಂದಿನರ್ಧ ಮೊದಲರ್ಧಕ್ಕಿಂತ ಚುರುಕಾಗಿ ಹೋಯಿತು. ಮಂಡಕ್ಕಿಯ ಮಹಿಮೆಯೂ ಇರಬಹುದು.

ವಿಲನ್ ಗುಂಪಿನ ಬಗ್ಗೆ ನಮ್ಮ ಮನೆಯಲ್ಲಿ ಒಮ್ಮತ ಇಲ್ಲ. ಅವರ ಹೆಸರು ‘ಸ್ಮೋಕರ್ಸ್’. ಭೂಮಿ ಮುಳುಗಿದರೂ ಸಿಗರೇಟು ಬಿಟ್ಟಿಲ್ಲ. ಅವರ ಅಡ್ಡಾ ತುಕ್ಕು ಹಿಡಿದ ಎಣ್ಣೆ ಹಡಗು, ಎಕ್ಸಾನ್ ವಾಲ್ಡೀಸ್. 1989ರಲ್ಲಿ ಅಲಾಸ್ಕಾದ ಕಡಲಿಗೆ ಎಣ್ಣೆ ಚೆಲ್ಲಿತಲ್ಲ, ಅದೇ ಹಡಗು ಅನ್ನೋ ಲೆಕ್ಕ. ಹಾಪರ್ ನಟನೆಗೆ ಆ ವರ್ಷದ ಕೆಟ್ಟ ಪೋಷಕ ನಟ ಅಂತ ಅಣಕದ ಪ್ರಶಸ್ತಿ ರ‍್ಯಾಜಿ ಕೊಟ್ಟರು. ನನಗೆ ಅದು ಅನ್ಯಾಯ ಅನ್ನಿಸುತ್ತೆ. ಎಲ್ಲರೂ ಮುಖ ಗಂಟು ಹಾಕಿಕೊಂಡಿರುವ ಸಿನಿಮಾದಲ್ಲಿ ಮಜಾ ಮಾಡಿದವನು ಅವನೊಬ್ಬನೇ. ಅಕ್ಕನ ಮಗಳು ಒಪ್ಪಲ್ಲ. ಅವಳ ಪ್ರಕಾರ ಅವನು ಬೇರೆ ಯಾವುದೋ ಸಿನಿಮಾದಿಂದ ತಪ್ಪಿಸಿಕೊಂಡು ಬಂದವನು. ಕುಂಗ್‌ಫು ಡಿಸ್ಕ್ ನೆನಪಾಗಿ ನಾನು ಸುಮ್ಮನಾದೆ.

ಕೊನೆಗೆ, ದೊಡ್ಡ ಆವೃತ್ತಿಯ ಕೊನೆ. ಅದೇ ಹಸಿರು ಗುಡ್ಡ. ಆದರೆ ಇಲ್ಲಿ ದೋಣಿಯಲ್ಲಿದ್ದ ಆ ಹೆಂಗಸು ಹೆಲೆನ್ ಮತ್ತು ಎನೋಲಾಗೆ ಒಂದು ಫಲಕ ಸಿಗುತ್ತೆ. ಅದರ ಮೇಲೆ ತೇನ್ಸಿಂಗ್ ಮತ್ತು ಹಿಲರಿ ಹೆಸರು. ಅಂದರೆ ಉಳಿದಿರೋ ಒಣನೆಲ ಎವರೆಸ್ಟ್ ತುದಿ! ನನ್ನ ಮೈ ಜುಮ್ ಅಂದಿತು. ಹೆಸರಿಲ್ಲದ ನಾವಿಕನಿಗೆ ಯುಲಿಸಿಸ್ ಅಂತ ಹೆಸರು ಬರೋದೂ ಇಲ್ಲೇ. ಇಷ್ಟು ಒಳ್ಳೆಯದನ್ನು ಯಾಕೆ ಕತ್ತರಿಸಿದರೋ.

ಅಕ್ಕನ ಮಗಳು ಎಂಜಿನಿಯರಿಂಗ್ ಓದುವವಳು. ಆ ಕ್ಷಣಕ್ಕೇ ಫೋನ್ ತೆಗೆದಳು. ಭೂಮಿಯ ಮಂಜೆಲ್ಲ ಕರಗಿದರೂ ಕಡಲು ಏರೋದು ಸುಮಾರು 70 ಮೀಟರ್. ಎವರೆಸ್ಟ್ ಇರೋದು 8,848 ಮೀಟರ್ ಮೇಲೆ. “ಮಲ್ಪೆ ಹೋಗುತ್ತೆ. ಶಿವಮೊಗ್ಗಕ್ಕೆ ಏನೂ ಆಗಲ್ಲ” ಅಂದಳು. ಮಾವ ಅವಳನ್ನೇ ಒಂದು ಸಲ ನೋಡಿ, ಏನೂ ಹೇಳದೆ ಚಹಾ ಕುಡಿದರು. ಚಿಕ್ಕದರಲ್ಲಿ ಜಾಗದ ಹೆಸರು ಹೇಳದೆ ಇದ್ದಿದ್ದರಿಂದ ಈ ಲೆಕ್ಕದ ತಂಟೆ ಇರಲಿಲ್ಲ, ಅದನ್ನೂ ಒಪ್ಪಬೇಕು.

ಇನ್ನು ಸಿಂಗಪುರದ ಶೋ. ಇದಕ್ಕೆ ಇಪ್ಪತ್ತು ನಿಮಿಷ. ಈ ಶೋ ಸಿನಿಮಾ ಬಂದ ವರ್ಷವೇ ಹಾಲಿವುಡ್‌ನಲ್ಲಿ ಶುರುವಾಯಿತು, ಆಮೇಲೆ ಒಸಾಕಾ, ಸಿಂಗಪುರ, ಬೀಜಿಂಗ್‌ಗೂ ಹೋಯಿತು. ಕಥೆ ಒಂದೇ ಗುಕ್ಕು: ಒಣನೆಲ ಸಿಕ್ಕಿದೆ ಅಂತ ಹೆಲೆನ್ ಕೋಟೆಗೆ ಬರುತ್ತಾಳೆ, ಹಿಂದೆಯೇ ಸ್ಮೋಕರ್ಸ್, ಆಮೇಲೆ ನಾವಿಕ. ಮಿಕ್ಕಿದ್ದೆಲ್ಲ ಜೆಟ್‌ಸ್ಕೀ, ಬೆಂಕಿ, ಎತ್ತರದಿಂದ ಬೀಳೋ ಜನ. ಕೊನೆಗೆ ಗೋಡೆಯ ಆಚೆಯಿಂದ ಒಂದು ವಿಮಾನ ಹಾರಿಕೊಂಡು ಬಂದು ನೀರಿಗೆ ಬೀಳುತ್ತೆ. ಮುಂದಿನ ಸಾಲಿನವರಿಗೆ ಒದ್ದೆ ಗ್ಯಾರಂಟಿ ಅಂತ ಹೇಳಿದ್ದರು. ಆಗ ಆರು ವರ್ಷದ ಮಗ ಅಲ್ಲೇ ಕೂರಬೇಕು ಅಂತ ಹಠ ಮಾಡಿದ. ಶೋ ಶುರುವಾಗುವ ಮುಂಚೆಯೇ ಒಬ್ಬ ನಟ ಬಕೆಟ್ ಹಿಡಿದು ಬಂದು ನಗುತ್ತಾ ನನ್ನ ತಲೆ ಮೇಲೆ ಸುರಿದ. ಪಕ್ಕದಲ್ಲಿದ್ದ ತಮಿಳು ಅಜ್ಜಿ ನನಗಿಂತ ಜಾಸ್ತಿ ಖುಷಿಪಟ್ಟರು.

ಅಲ್ಲಿ ಒಬ್ಬರಾದರೂ “ವಿಜ್ಞಾನ ಸರಿಯಿಲ್ಲ” ಅನ್ನಲಿಲ್ಲ. ಯಾರೂ ನಿದ್ದೆ ಮಾಡಲಿಲ್ಲ. ಪತ್ರಿಕೆಯವರು ಆಡಿಕೊಂಡ ಸಿನಿಮಾದ ತುಣುಕಿಗೆ ಅಷ್ಟೂ ಜನ ಎದ್ದು ನಿಂತು ಚಪ್ಪಾಳೆ ಹೊಡೆದರು. ಆದರೆ ಹೊರಗೆ ಬಂದು ಟವೆಲ್ ಹುಡುಕುವ ಹೊತ್ತಿಗೆ ನಾವಿಕನ ಮುಖ ನನಗೆ ಮರೆತುಹೋಗಿತ್ತು. ವಿಮಾನ ಮಾತ್ರ ನೆನಪಿದೆ. ಮಗನನ್ನು ಕೇಳಿದರೆ ಇವತ್ತಿಗೂ ಅವನ ಮಟ್ಟಿಗೆ ವಾಟರ್‌ವರ್ಲ್ಡ್ ಅಂದರೆ ಆ ಇಪ್ಪತ್ತು ನಿಮಿಷವೇ. ಸಿನಿಮಾ ಅದರ ಜಾಹೀರಾತು.

ನನ್ನ ಮತ ದೊಡ್ಡದಕ್ಕೆ. ಮಧ್ಯೆ ಇಂಟರ್ವಲ್ ಕೊಟ್ಟು, ಮಕ್ಕಳು ಮಲಗಿದ ಮೇಲೆ. ಮಾವನ ಮತ ಚಿಕ್ಕದಕ್ಕೆ, ಅದೂ ದೋಣಿ ರೂಪ ಬದಲಿಸುವ ಜಾಗಕ್ಕೆ ಮಾತ್ರ. ಉಳಿದದ್ದನ್ನು ಓಡಿಸಬಹುದಂತೆ. ಹೆಂಡತಿಯನ್ನು ಕೇಳಿದರೆ ಸಿಂಗಪುರ ಅನ್ನುತ್ತಾಳೆ. ಅದು ಸಿನಿಮಾದ ಬಗ್ಗೆ ಹೇಳಿದ್ದಲ್ಲ ಅಂತ ನನಗೆ ಗೊತ್ತು.

ಕಳೆದ ವಾರ ಆ ಹಳೇ ರೂಮ್‌ಮೇಟ್‌ಗೆ ಫೋನ್ ಮಾಡಿ ಹೇಳಿದೆ, “ಒಣನೆಲ ಸಿಕ್ಕಿತು ಕಣೋ.” ಯಾವ ಒಣನೆಲ ಅಂತ ಅವನು ಕೇಳಲೇ ಇಲ್ಲ. ತಕ್ಷಣ ಅರ್ಥವಾಯಿತು. ಎವರೆಸ್ಟ್ ವಿಷಯ ಮುಚ್ಚಿಟ್ಟು, ದೊಡ್ಡದು ನೋಡು, ಮೂರು ಗಂಟೆ ಇದೆ, ಆದರೂ ನೋಡು ಅಂದೆ.

“ಮೂರು ಗಂಟೆ ಯಾಕೋ?” ಅಂದ. “ನಾನು ಎರಡನೇ ಡಿಸ್ಕಿಂದ ಶುರು ಮಾಡ್ತೀನಿ. ಮೊದಲನೇದು ಆಗಿದೆಯಲ್ಲ.”